ಕಾಯಲಾರದ ಬೆಳಕಿಗೆ ಸುತ್ತುದಾರಿ: ಒಂದು ಫೈಬರ್ ಡಿಲೇ ಲೈನ್ ಪೆಟ್ಟಿಗೆಯ ವಿಮರ್ಶೆ

ನಾನು ಪಾಠ ಹೇಳುವ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯಕ್ಕೆ ಕಳೆದ ಸೆಮಿಸ್ಟರಿನಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಅಂಗಡಿಯ ಮೂಲಕ ಫೈಬರ್ ಡಿಲೇ ಲೈನ್ ಪೆಟ್ಟಿಗೆಯೊಂದನ್ನು, ಅಂದರೆ ಬೆಳಕನ್ನು ಉದ್ದನೆಯ ಗಾಜಿನ ಎಳೆಯಲ್ಲಿ ಸುತ್ತಿಸಿ ತಡಮಾಡುವ ಪೆಟ್ಟಿಗೆಯನ್ನು, ತರಿಸಿದೆವು. ಅದರ ಮುಂಭಾಗದಲ್ಲಿ ‘ಆಪ್ಟಿಕಲ್ ಬಫರ್’ (ಬೆಳಕಿನ ತಾತ್ಕಾಲಿಕ ತಂಗುದಾಣ) ಎಂಬ ಚೀಟಿ ಅಂಟಿಸಿತ್ತು. ಅಂಗಡಿಯವರು, “ಮೇಡಂ, ಇದು ಬೆಳಕಿಗೇ ಮೆಮೊರಿ ಇದ್ದ ಹಾಗೆ, ಹಿಡಿದಿಟ್ಟುಕೊಳ್ಳುತ್ತೆ” ಎಂದರು. ಆ ಮಾತನ್ನು ಮೊದಲು ತಿದ್ದದೆ ಈ ಪೆಟ್ಟಿಗೆಯ ಗುಣದೋಷ ಹೇಳಲಾಗದು.

ಜಾಲದಲ್ಲಿ ದತ್ತಾಂಶಕ್ಕೆ ದಾರಿ ತೋರಿಸುವ ಎಲೆಕ್ಟ್ರಾನಿಕ್ ರೂಟರಿನಲ್ಲಿ ದತ್ತಾಂಶದ ತುಣುಕುಗಳಾದ ಎರಡು ಪ್ಯಾಕೆಟ್‌ಗಳು ಒಂದೇ ಕ್ಷಣಕ್ಕೆ ಒಂದೇ ಹೊರದಾರಿಯನ್ನು ಕೇಳಿದರೆ ಒಂದನ್ನು ರ್‍ಯಾಮ್‌ನಲ್ಲಿ ಬರೆದಿಟ್ಟು, ಸರದಿ ಬಂದಾಗ ಓದಿ ಕಳಿಸುತ್ತಾರೆ. ಬೆಳಕಿನ ಪ್ಯಾಕೆಟ್ಟನ್ನು ಹಾಗೆ ಕೂರಿಸಿಡುವ ರ್‍ಯಾಮ್ ಬಳಕೆಗೆ ಬಂದಿಲ್ಲ. 1999ರಲ್ಲಿ ಭೌತವಿಜ್ಞಾನಿ ಲೆನೆ ಹಾವ್ ಅವರ ತಂಡ ಅತಿಶೀತ ಸೋಡಿಯಂ ಅನಿಲದಲ್ಲಿ ಬೆಳಕನ್ನು ಸೆಕೆಂಡಿಗೆ 17 ಮೀಟರ್ ವೇಗಕ್ಕೆ ಇಳಿಸಿದ್ದು ನಿಜ. ಆದರೆ ಅಂಥ ಏರ್ಪಾಡಿನಲ್ಲಿ ಹಾಯಬಲ್ಲ ಆವರ್ತನಗಳ ಪಟ್ಟಿ ತೀರ ಕಿರಿದು, ಸೆಕೆಂಡಿಗೆ 10 ಗಿಗಾಬಿಟ್ ಒಯ್ಯುವ ಸಂಕೇತ ಅದರಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಹೊರದಾರಿಯ ಪೈಪೋಟಿಯಲ್ಲಿ ಸೋತ ಪ್ಯಾಕೆಟ್ಟನ್ನು ಬೇರೆ ತರಂಗಾಂತರಕ್ಕೆ ಬದಲಿಸಬೇಕು, ಬೇರೆ ದಾರಿಗೆ ತಿರುಗಿಸಬೇಕು, ಇಲ್ಲವೇ ಉದ್ದನೆಯ ಫೈಬರಿನಲ್ಲಿ ಸುತ್ತಿಸಿ ತಡವಾಗಿ ಬರುವಂತೆ ಮಾಡಬೇಕು. ಈ ಪೆಟ್ಟಿಗೆ ಮಾಡುವುದು ಮೂರನೆಯ ಕೆಲಸವನ್ನು ಮಾತ್ರ.

ಒಳಗೆ 250, 500, 750 ಮತ್ತು 1000 ಮೀಟರಿನ ನಾಲ್ಕು ಸುರುಳಿಗಳಿವೆ. ಈ ಅಳತೆಯ ಆಯ್ಕೆ ನನಗೆ ಬಹಳ ಮೆಚ್ಚುಗೆಯಾಯಿತು. 1500 ಬೈಟಿನ ಪ್ಯಾಕೆಟ್ ಎಂದರೆ 12,000 ಬಿಟ್. 10 ಗಿಗಾಬಿಟ್ ವೇಗದಲ್ಲಿ ಅದು ಹಾದುಹೋಗಲು 1.2 ಮೈಕ್ರೊಸೆಕೆಂಡ್ ಬೇಕು. ಫೈಬರಿನಲ್ಲಿ 250 ಮೀಟರ್ ಸಾಗಲು ಬೆಳಕಿಗೆ ಸುಮಾರು 1.22 ಮೈಕ್ರೊಸೆಕೆಂಡ್ ಹಿಡಿಯುತ್ತದೆ. ಅಂದರೆ ಮೊದಲನೆಯ ಸುರುಳಿಯಲ್ಲಿ ಒಂದು ಇಡೀ ಪ್ಯಾಕೆಟ್, ತಲೆಯಿಂದ ಬಾಲದವರೆಗೆ, ಸರಿಯಾಗಿ ಮಲಗುತ್ತದೆ. ಆಸಿಲೋಸ್ಕೋಪಿನ ಪರದೆಯ ಮೇಲೆ ಮೊದಲ ಪ್ಯಾಕೆಟ್ಟಿನ ಬಾಲ ಮುಗಿದ ಕೂದಲೆಳೆಯಷ್ಟು ಅಂತರದಲ್ಲಿ ಎರಡನೆಯದರ ತಲೆ ಕಾಣಿಸಿಕೊಂಡಾಗ, ಪುಸ್ತಕದಲ್ಲಿ ಎರಡು ಸಲ ಓದಿಯೂ ತಿಳಿಯದೆ ಹೋಗಿದ್ದ ವಿದ್ಯಾರ್ಥಿನಿಯೊಬ್ಬಳು ತಾನಾಗಿಯೇ ಎದ್ದು ಬಂದು ಆ ಅಂತರವನ್ನು ಅಳೆದಳು. ಪೆಟ್ಟಿಗೆಗೆ ಕೊಟ್ಟ 42,000 ರೂಪಾಯಿ ಸಾರ್ಥಕವೆನಿಸಿದ್ದು ಆಗಲೇ.

ಇನ್ನು ದೋಷಗಳು. 750 ಮೀಟರಿನ ಸುರುಳಿಯಿಂದ 3.67 ಮೈಕ್ರೊಸೆಕೆಂಡ್ ಸಿಗಬೇಕಿತ್ತು, ಸಿಕ್ಕಿದ್ದು 3.62. ಹತ್ತು ಮೀಟರ್ ಕಡಿಮೆ ಸುತ್ತಿದ್ದಾರೆ ಎಂದರೆ ಸಣ್ಣದೆನಿಸಬಹುದು. ಆದರೆ ಮೂರು ಪ್ಯಾಕೆಟ್ಟುಗಳಿಗೆ 3.6 ಮೈಕ್ರೊಸೆಕೆಂಡ್ ಕಳೆದರೆ ನಡುವಿನ ರಕ್ಷಣೆಯ ಅಂತರ 0.07ರಿಂದ 0.02ಕ್ಕೆ ಕುಸಿಯಿತು. ಒಂದು ಸುರುಳಿಯ ತುದಿಗೆ ಹಸಿರು ಕನೆಕ್ಟರಿನ ಬದಲು ನೀಲಿಯದನ್ನು ಹಾಕಿದ್ದರು. ಹಸಿರಿನ ತುದಿ ಓರೆ, ನೀಲಿಯದು ನೇರ. ಎರಡನ್ನೂ ಸೇರಿಸಿದರೆ ನಡುವೆ ಗಾಳಿಯ ಸಂದು ಉಳಿದು ಬೆಳಕು ಸೋರಿಹೋಗುತ್ತದೆ. ಅದನ್ನು ಬದಲಿಸಿಕೊಡಲು ಅಂಗಡಿಯವರು ಒಂಬತ್ತು ದಿನ ತೆಗೆದುಕೊಂಡರು, ಹಣವನ್ನೇನೂ ಕೇಳಲಿಲ್ಲ.

ಇವೆಲ್ಲಕ್ಕಿಂತ ದೊಡ್ಡ ಕೊರತೆ ಒಳಗಿನ ಸ್ವಿಚ್. ಅದು ಯಾಂತ್ರಿಕವಾಗಿ ಚಲಿಸುವಂಥದ್ದು. ಒಂದು ಸುರುಳಿಯಿಂದ ಇನ್ನೊಂದಕ್ಕೆ ಬದಲಾಗಲು ಸುಮಾರು 5 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ 4,000ಕ್ಕೂ ಹೆಚ್ಚು ಪ್ಯಾಕೆಟ್‌ಗಳು ದಾಟಿಹೋಗಿರುತ್ತವೆ. ಪ್ಯಾಕೆಟ್ಟಿಗೊಂದು ತೀರ್ಮಾನ ಮಾಡಬೇಕಾದ ಜಾಗದಲ್ಲಿ ನ್ಯಾನೊಸೆಕೆಂಡಿನಲ್ಲಿ ತೆರೆದು ಮುಚ್ಚುವ ಸೆಮಿಕಂಡಕ್ಟರ್ ಆಂಪ್ಲಿಫೈಯರ್ ಗೇಟ್ ಇರಬೇಕು. ನಮ್ಮಲ್ಲಿ ಅಂಥವು ಎರಡು ಇದ್ದುದರಿಂದ ಹೊರಗಿನಿಂದ ಜೋಡಿಸಿಕೊಂಡೆವು. ಇಲ್ಲದ ಕಾಲೇಜಿನವರು ಸುರುಳಿಯನ್ನು ಮೊದಲೇ ಆರಿಸಿಟ್ಟು ಪ್ರಯೋಗ ಮಾಡಬೇಕಷ್ಟೆ.

ಪ್ಯಾಕೆಟ್ಟನ್ನು ಒಂದೇ ಸುರುಳಿಯಲ್ಲಿ ಮತ್ತೆ ಮತ್ತೆ ಸುತ್ತಿಸುವ ಸೌಲಭ್ಯವೂ ಇದರಲ್ಲಿದೆ. ಬೆಳಕನ್ನು ಕವಲೊಡೆಸಿ ಕೂಡಿಸುವ ಕಪ್ಲರ್, ಕನೆಕ್ಟರುಗಳು ಸೇರಿ ಸುತ್ತಿಗೆ ಸುಮಾರು 4 ಡೆಸಿಬೆಲ್ ನಷ್ಟ. ಐದು ಸುತ್ತು ಮುಗಿಯುವ ಹೊತ್ತಿಗೆ ನೂರರಲ್ಲಿ ಒಂದು ಪಾಲು ಬೆಳಕು ಉಳಿದಿರುತ್ತದೆ. ಎರ್ಬಿಯಂ ಆಂಪ್ಲಿಫೈಯರ್ ಇಟ್ಟು ಅದನ್ನು ಎತ್ತಿದರೆ ಸುತ್ತುಸುತ್ತಿಗೂ ಗದ್ದಲ ಕೂಡುತ್ತ ಹೋಗುತ್ತದೆ.

ಇದು ನಿಜವಾದ ರೂಟರಿಗೆ ಸಾಲುತ್ತದೆಯೇ ಎಂದು ಸಹೋದ್ಯೋಗಿಗಳು ಕೇಳಿದರು. ಹಳೆಯ ಲೆಕ್ಕದಂತೆ 10 ಗಿಗಾಬಿಟ್ ಕೊಂಡಿಗೆ 250 ಮಿಲಿಸೆಕೆಂಡಿನಷ್ಟು ಬಫರ್ ಬೇಕೆಂದರೆ 51,000 ಕಿಲೋಮೀಟರ್ ಫೈಬರ್ ಬೇಕು. ಭೂಮಿಯ ಸುತ್ತಳತೆಯೇ ಸುಮಾರು 40,000. ಆಪೆನ್‌ಜೆಲ್ಲರ್, ಕೆಸ್ಲಾಸಿ ಮತ್ತು ಮೆಕ್ಯೂನ್ ಎಂಬ ಸಂಶೋಧಕರು 2004ರಲ್ಲಿ ತೋರಿಸಿದಂತೆ ಹರಿವುಗಳ (ಕೊಂಡಿಯಲ್ಲಿ ಒಟ್ಟಿಗೆ ಸಾಗುವ ಬೇರೆ ಬೇರೆ ಸಂಪರ್ಕಗಳ) ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದರೆ, 10,000 ಹರಿವುಗಳಿಗೆ ಅದು 510 ಕಿಲೋಮೀಟರಿಗೆ ಇಳಿಯುತ್ತದೆ. ಇದೂ ಬೆಂಗಳೂರಿನಿಂದ ಬೆಳಗಾವಿಯವರೆಗಿನ ರಸ್ತೆಯಷ್ಟು ಉದ್ದವೇ. ಕೊಂಡಿಯನ್ನು ಪೂರ್ತಿ ತುಂಬಿಸದೆ ಪ್ಯಾಕೆಟ್‌ಗಳನ್ನು ಹರಡಿ ಕಳಿಸಿದರೆ ಹತ್ತಿಪ್ಪತ್ತು ಪ್ಯಾಕೆಟ್ಟಿನ ಬಫರ್ ಸಾಕೆಂಬ ಆಮೇಲಿನ ವಾದವೇ ಇಂಥ ಪೆಟ್ಟಿಗೆಗಳಿಗೆ ಅರ್ಥ ತಂದಿರುವುದು, ಮತ್ತು ನಾನು ಅದನ್ನು ನಂಬುತ್ತೇನೆ.

ಪಾಠಕ್ಕಾಗಿ ಕೊಳ್ಳುವವರು ಧಾರಾಳವಾಗಿ ಕೊಳ್ಳಬಹುದು. ಕೊಳ್ಳುವಾಗ ಪ್ರತಿ ಸುರುಳಿಯ ಅಳತೆಯನ್ನು ಓಟಿಡಿಆರ್ (ಫೈಬರಿನ ಉದ್ದ, ನಷ್ಟಗಳನ್ನು ಅಳೆಯುವ ಉಪಕರಣ) ದಾಖಲೆಯ ಸಮೇತ ಕೇಳಿ ಪಡೆಯಿರಿ, ಎಲ್ಲ ತುದಿಗಳೂ ಹಸಿರು ಕನೆಕ್ಟರಿನವೇ ಎಂದು ಅಂಗಡಿಯಲ್ಲೇ ಮುಚ್ಚಳ ತೆರೆಸಿ ನೋಡಿ. ನಾವು ಎರಡನೆಯ ಪೆಟ್ಟಿಗೆಗೆ ಸ್ವಿಚ್ಚಿಲ್ಲದೆ, ಬರಿಯ ಸುರುಳಿಗಳಿಗಾಗಿ ಬೆಲೆ ಕೇಳಿದ್ದೇವೆ.