ಕಡಲ ಬದಿಯ ಮೇಸ್ತ್ರಿ ಚೇರಂಬಾಣೆಯಲ್ಲಿ ಕಟ್ಟಿದ ಮನೆ

ಬಿಸಿನೀರಿನಿಂದಲೇ ಶುರು ಮಾಡುತ್ತೇನೆ. ನಮ್ಮ ಹೋಂಸ್ಟೇಗೆ ಬಂದವರೆಲ್ಲ ಮೊದಲು ದೂರುವುದು ಅದನ್ನೇ. ಬೆಳಿಗ್ಗೆ ನಲ್ಲಿ ತಿರುಗಿಸಿ ಮೂರು ನಿಮಿಷ ಕಾಯಬೇಕು. ಡಿಸೆಂಬರಿನಲ್ಲಿ ಕೊಡಗಿನ ಚೇರಂಬಾಣೆಯ ಚಳಿಗೆ ಮೂರು ನಿಮಿಷ ಟವೆಲ್ ಸುತ್ತಿಕೊಂಡು ನಿಂತು ನೋಡಿ, ಗೊತ್ತಾಗುತ್ತದೆ. ಗೀಸರ್ ಇರುವುದು ಹಿಂದಿನ ಗೋಡೆಯಲ್ಲಿ, ಬಚ್ಚಲು ಮುಂದಿನ ಮೂಲೆಯಲ್ಲಿ, ನಡುವೆ 40 ಅಡಿ ಪೈಪು. ಕಟ್ಟಿದ ಮೇಸ್ತ್ರಿಯನ್ನು ಕೇಳಿದರೆ, "ಹೌದಾ? ನಮ್ಮಲ್ಲಿ ತಣ್ಣೀರಿನ ಪೈಪಿನಲ್ಲೇ ಬಿಸಿನೀರು ಬರ್ತದಲ್ಲ ಮಾರಾಯ್ರೇ" ಎಂದರು. ಅವರ ಊರು ಕಾಪು ಮತ್ತು ಪಡುಬಿದ್ರಿಯ ನಡುವೆ, ಕಡಲ ಪಕ್ಕ.

ಇಷ್ಟಾದರೂ ಈ ಮೇಸ್ತ್ರಿಯ ಬಗ್ಗೆ ನಾಲ್ಕು ಮನೆಯವರಿಗೆ ನಾನೇ ಹೇಳಿದ್ದೇನೆ.

ನಾನು ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿದ್ದವಳು. ನಿವೃತ್ತಿಯ ದುಡ್ಡಿನಲ್ಲಿ ತೋಟದ ಬದಿಗೆ ಎರಡು ಕೋಣೆ, ಒಂದು ಜಗಲಿ ಕಟ್ಟಿಸುವ ಆಸೆ ಇತ್ತು. ಎಲ್ಲ ಸೇರಿ 650 ಚದರ ಅಡಿ. ಮೊದಲು ಬಂದ ಕಂಟ್ರಾಕ್ಟರ್ ಜಾಗ ನೋಡಿದ ಕೂಡಲೇ ಜೆಸಿಬಿ ಲೆಕ್ಕ ಹೇಳಿದರು. ಹಿಂದಿನ ಬರೆಯನ್ನು, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಬದಿಯನ್ನು, 12 ಅಡಿ ಕಡಿದರೆ ಪಾರ್ಕಿಂಗೂ ಆಗುತ್ತದೆ, ವ್ಯೂವೂ ಸಿಗುತ್ತದೆ ಅಂತೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ್ದನ್ನು ಕಂಡವರಿಗೆ ಬರೆ ಕಡಿಯುವ ಮಾತು ಕೇಳಿದರೇ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ಅವರಿಗೆ ಕಾಫಿ ಕೊಟ್ಟು ಕಳುಹಿಸಿದೆ.

ಆಮೇಲೆ ಸುಳ್ಯದ ನೆಂಟರೊಬ್ಬರು ಈ ಮೇಸ್ತ್ರಿಯ ಬಗ್ಗೆ ಹೇಳಿದರು. ಕಡಲ ಬದಿಯಲ್ಲಿ ರೆಸಾರ್ಟು, ಬೀಚ್ ವಿಲ್ಲಾ ಕಟ್ಟಿ 25 ವರ್ಷದ ಅನುಭವ. "ಮೀನು ಬೆಟ್ಟ ಹತ್ತಿ ಏನು ಮಾಡ್ತದೆ?" ಎಂದು ನಮ್ಮ ಯಜಮಾನರು ನಕ್ಕರು. ಅವರ ಕೆಲಸ ಒಮ್ಮೆ ನೋಡಿಯೇ ಬರೋಣ ಎಂದು 2023ರ ಜನವರಿಯಲ್ಲಿ ಸಂಪಾಜೆ ಘಾಟಿ ಇಳಿದೆವು.

ಅಲ್ಲಿ ಕಂಡದ್ದು ತಮಾಷೆ. ಪಡುಬಿದ್ರಿ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಬಂದಿದೆ, ಅಂದರೆ ಸ್ವಚ್ಛ, ಸುರಕ್ಷಿತ ಬೀಚು ಎಂಬ ಅಂತರರಾಷ್ಟ್ರೀಯ ಮಾನ್ಯತೆ. ಮೇಸ್ತ್ರಿಗೆ ಅದರ ಹೆಮ್ಮೆಯೂ ಇದೆ, ಅಲ್ಲಿ ಮನೆ ಕಟ್ಟಿಸಲು ಬರುವವರ ಆಸೆಗಳನ್ನು ಕಂಡು ನಗುವೂ ಇದೆ. ಎಲ್ಲರಿಗೂ ಕಡಲಿಗೆ ಮುಖ ಮಾಡಿದ ದೊಡ್ಡ ಗಾಜು ಬೇಕು, ಹೊಳೆಯುವ ಸ್ಟೀಲ್ ರೇಲಿಂಗು ಬೇಕು. ಇವರು ಕಟ್ಟಿಕೊಡುತ್ತಾರೆ. ಮಾಮೂಲಿ 304 ಸ್ಟೀಲು ಬೇಡ, ಉಪ್ಪುಗಾಳಿಗೆ ಚಹಾ ಚೆಲ್ಲಿದ ಹಾಗೆ ಕಲೆ ಬರುತ್ತದೆ, 316 ಹಾಕಿಸಿ ಎಂದು ಹೇಳುತ್ತಾರೆ. ರೇಟು ಕೇಳಿ ಅರ್ಧ ಜನ 304ಕ್ಕೇ ವಾಪಸ್ ಹೋಗುತ್ತಾರೆ.

ಅವರದೇ ಮನೆ ಈ ಸಾಲಿನ ಹಿಂದೆ, ತೆಂಗಿನ ಮರಗಳ ನಡುವೆ ಇದೆ. ಹಂಚಿನ ಮನೆ, ಸುಣ್ಣದ ಗೋಡೆ, ಮುಖ ಕಾಣುವಷ್ಟು ನುಣುಪಾದ ರೆಡ್ ಆಕ್ಸೈಡ್ ನೆಲ. ಜಗಲಿ ಪೂರ್ವಕ್ಕೆ. ಕಡಲಿನ ಕಡೆಗೆ ಇರುವುದು ಒಂದೇ ಒಂದು ಸಣ್ಣ ಕಿಟಕಿ, ಅದೂ ಅಡುಗೆಮನೆಯದು. ಇದೇನು ಕಡಲಿಗೆ ಬೆನ್ನು ಹಾಕಿದ್ದೀರಿ ಎಂದರೆ, "ದಿನವಿಡೀ ಅದರ ಹತ್ತಿರವೇ ಜಗಳ. ಮನೆಗೆ ಬಂದ ಮೇಲೆ ಶಬ್ದ ಕೇಳಿದರೆ ಸಾಕು" ಎಂದರು. ಮಧ್ಯಾಹ್ನ ಗಂಜಿ, ಬಂಗುಡೆ ಪುಳಿಮುಂಚಿ ಬಡಿಸಿದರು. ಮೂಲೆಯಲ್ಲಿ ಫೋನಿನಿಂದ ಯಕ್ಷಗಾನದ ಚೆಂಡೆ ಸಣ್ಣಗೆ ಕೇಳುತ್ತಿತ್ತು.

ನನ್ನ ಕಣ್ಣು ನಿಂತದ್ದು ಜಗಲಿಯ ದಂಡೆಯ ಮೇಲೆ. ಬೇರೆಯವರಾದರೆ ಅಲ್ಲಿ ಶಂಖವನ್ನೋ ಗಣಪತಿಯನ್ನೋ ಇಡುತ್ತಿದ್ದರು. ಇವರು ಒಂದು ಕಾಂಕ್ರೀಟ್ ತುಂಡು ಇಟ್ಟಿದ್ದರು. ತೆಂಗಿನಕಾಯಿ ಗಾತ್ರ, ಒಂದು ಬದಿಯಲ್ಲಿ ಕಬ್ಬಿಣದ ಸರಳು ಹೊರಗೆ ಚಾಚಿತ್ತು. ಉಗುರಿನಿಂದ ಕೆರೆದರೆ ಸರಳು ಪದರ ಪದರವಾಗಿ, ಹಳೇ ಹಪ್ಪಳದ ಹಾಗೆ ಉದುರಿತು. ಯಾವುದೋ ಬಾಲ್ಕನಿಯಿಂದ ಕಳಚಿ ಬಿದ್ದದ್ದಂತೆ. ಉಪ್ಪು ಒಳಗೆ ಇಳಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು. ಜಾಗಕ್ಕಾಗಿ ಅದು ಕಾಂಕ್ರೀಟನ್ನೇ ಒಡೆದು ಹೊರಗೆ ದೂಡುತ್ತದೆ. ಮೇಸ್ತ್ರಿ ಆ ತುಂಡನ್ನು ತಿರುಗಿಸಿ, ಸರಳಿನಿಂದ ಹೊರಮೈಗೆ ಎಷ್ಟು ಸಿಮೆಂಟು ಇದೆ ಎಂದು ತೋರಿಸಿದರು. ಒಂದೇ ಬೆರಳು. "ಮೂರು ಬೆರಳು ಬೇಕಿತ್ತು" ಎಂದರು. ಆಮೇಲೆ ಒಬ್ಬ ಇಂಜಿನಿಯರ್ ಹುಡುಗನನ್ನು ಕೇಳಿದೆ. ಕಡಲ ಬದಿಗೆ ಐಎಸ್ 456, ಅಂದರೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ, ಹೇಳುವುದು 45 ಮಿಲಿಮೀಟರ್. ಮೂರು ಬೆರಳಿಗೆ ಸರಿಯಾಗಿಯೇ ಬರುತ್ತದೆ.

ಗಾಡಿ ಹತ್ತುವಾಗ ನಮ್ಮ ಯಜಮಾನರು ನಗಲಿಲ್ಲ. ಅಡ್ವಾನ್ಸ್ ಕೊಟ್ಟೇ ಬಂದೆವು. ಚದರ ಅಡಿಗೆ 2,400 ರೂಪಾಯಿ.

ನಮ್ಮ ಜಾಗಕ್ಕೆ ಬಂದವರು ಮೊದಲ ದಿನ ಏನೂ ಅಳೆಯಲಿಲ್ಲ. ಸುಮ್ನೆ ಬರೆಯ ಕೆಳಗೆ ಕುಂತುಕೊಂಡು ನೀರು ಹರಿದ ಗುರುತು ನೋಡಿದರು. "ನಮ್ಮಲ್ಲಿ ಮರಳಿನ ದಿಬ್ಬ ಮುಟ್ಟಿದರೆ ಕಡಲು ಒಳಗೆ ಬರ್ತದೆ. ನಿಮ್ಮಲ್ಲಿ ಇದನ್ನು ಮುಟ್ಟಿದರೆ ಗುಡ್ಡ ಒಳಗೆ ಬರ್ತದೆ" ಎಂದರು. ಬರೆಗೆ ಕೈ ಹಾಕಲಿಲ್ಲ. ಇಳಿಜಾರಿನ ಮೇಲೆಯೇ ಒಂದು ಕೋಣೆ ಮೇಲೆ, ಇನ್ನೊಂದು ನಾಲ್ಕು ಮೆಟ್ಟಿಲು ಕೆಳಗೆ ಮಾಡಿದರು. ಹಿಂದೆ ಒಂದು ಅಗಲ ಚರಂಡಿ. ಮೊಣಕಾಲು ನೋವಿನವರಿಗೆ ಆ ಮೆಟ್ಟಿಲು ಕಷ್ಟ, ಒಪ್ಪುತ್ತೇನೆ.

ಕವರ್ ಬ್ಲಾಕುಗಳನ್ನು ಗೋಣಿಚೀಲದಲ್ಲಿ ಊರಿನಿಂದಲೇ ತಂದಿದ್ದರು. ಸರಳಿನ ಅಡಿಗೆ ಇಡುವ ಸಿಮೆಂಟಿನ ಬಿಲ್ಲೆಗಳು, ಮೂರು ಬೆರಳಿನವು. ನಮ್ಮಲ್ಲಿ ಉಪ್ಪಿಲ್ಲವಲ್ಲ ಎಂದೆ. "ಉಪ್ಪಿಲ್ಲ, ಆದರೆ ಆರು ತಿಂಗಳು ನೀರು ಉಂಟಲ್ಲ?"

ಹಂಚಿನ ವಿಷಯದಲ್ಲಿ ಅವರ ರುಚಿ ಪೂರ್ತಿ ಹೊರಗೆ ಬಂತು. ಹೊಸ ಬಣ್ಣದ ಶೀಟು ಬೇಡವೇ ಬೇಡ ಎಂದರು. ಬಾಸೆಲ್ ಮಿಷನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಕಥೆಯನ್ನು ಸ್ವಂತ ಅಜ್ಜನ ಕಥೆಯ ಹಾಗೆ ಹೇಳುತ್ತಾರೆ. ಕೆಡವಿದ ಮನೆಯೊಂದರಿಂದ 1,600 ಹಳೇ ಹಂಚು ಲಾರಿಯಲ್ಲಿ ಬಂತು. ಒಂದೊಂದನ್ನೂ ಎಡಗೈಯಲ್ಲಿ ಎತ್ತಿ, ಬಲಗೈ ಗೆಣ್ಣಿನಿಂದ ಕುಟ್ಟಿದರು. ಟಣ್ ಎಂದರೆ ಬಲಕ್ಕೆ, ದಬ್ ಎಂದರೆ ಎಡಕ್ಕೆ. ಎರಡು ದಿನ ಅದೇ ಕೆಲಸ. ದಬ್ ಎಂದದ್ದು 140. ಅವುಗಳಲ್ಲಿ ಬಿರುಕು ನನ್ನ ಕಣ್ಣಿಗೆ ಕಾಣಲೇ ಇಲ್ಲ. ಬ್ಯಾಂಕಿನಲ್ಲಿ ನೋಟು ಎಣಿಸುವಾಗ ಖೋಟಾ ನೋಟು ಬೆರಳಿಗೆ ಗೊತ್ತಾಗುತ್ತಿತ್ತು, ಅದೇ ಥರ ಇರಬೇಕು. ಅಡಿಯಲ್ಲಿ ಸೀಲಿಂಗ್ ಹಂಚಿನ ಇನ್ನೊಂದು ಪದರ. ಮೂರು ಅಡಿ ಹೊರಗೆ ಚಾಚಿದ ಸೂರು. ಎರಡು ಮಳೆಗಾಲ ಕಳೆಯಿತು, ಒಂದು ಹನಿ ಸೋರಿಲ್ಲ.

ಪಕ್ಕದ ಐನ್‌ಮನೆಗೆ (ಕುಟುಂಬದ ಹಿರಿಯರ ಮೂಲಮನೆ) ಕರೆದುಕೊಂಡು ಹೋದಾಗ ಕಯ್ಯಾಲೆಯ, ಅಂದರೆ ಮುಂದಿನ ಜಗಲಿಯ, ಐಮರವೆಂಬ ಹಲಗೆಯ ಮೇಲೆ ಅರ್ಧ ಗಂಟೆ ಕುಳಿತರು. ಏಳುವಾಗ ಗೇಣಿನಲ್ಲಿ ಅಗಲ ಅಳೆದುಕೊಂಡರು. ನಮ್ಮ ಜಗಲಿಯಲ್ಲಿ ಅದೇ ಅಗಲದ ಹಲಸಿನ ಹಲಗೆ ಬಂತು. ಹೇಳಿಸಿದ್ದು ನಾನಲ್ಲ. ಬಂದವರು ಕೋಣೆಗೆ ಹೋಗುವುದೇ ಇಲ್ಲ, ಅಲ್ಲೇ ಕಾಲು ಚಾಚಿ ಮಲಗುತ್ತಾರೆ.

ಇನ್ನು ತಕರಾರು. ಗೋಡೆಯ ಮೇಲ್ಭಾಗದಲ್ಲಿ ಗಾಳಿ ಆಡಲಿ ಎಂದು ತೂತು ತೂತಿನ ಜಾಲಿ ಇಟ್ಟರು. ಕಡಲ ಬದಿಗೆ ಸರಿ. ಇಲ್ಲಿ ಗಾಳಿಯ ಜತೆ ಮಂಜೂ ಬರುತ್ತದೆ. 2024ರ ಜುಲೈನಲ್ಲಿ ದಿಂಬು ಹಿಂಡಿದರೆ ನೀರು ಬರುವುದೊಂದು ಬಾಕಿ. ಬೆಂಗಳೂರಿನ ದಂಪತಿ ಒಂದು ರಾತ್ರಿ ಮೊದಲೇ ಹೊರಟುಹೋದರು, ದುಡ್ಡು ವಾಪಸ್ ಕೊಟ್ಟೆ. ಮೂರು ಸಲ ಫೋನ್ ಮಾಡಿದ ಮೇಲೆ ಮೇಸ್ತ್ರಿ ಬಂದು, ಜಾರುವ ಮರದ ಬಾಗಿಲುಗಳನ್ನು ಅಳವಡಿಸಿದರು. ಅದಕ್ಕೆ ದುಡ್ಡು ಕೇಳಲಿಲ್ಲ, ಅದನ್ನೂ ಹೇಳಬೇಕು.

ಅವರು ಬಂದ ದಿನ ಆಗಸ್ಟ್ 3, ಕಕ್ಕಡ ಹದಿನೆಂಟು, ಕೊಡಗಿನಲ್ಲಿ ಮದ್ದುಸೊಪ್ಪು ತಿನ್ನುವ ದಿನ. ಮದ್ದುಸೊಪ್ಪಿನ ಪಾಯಸ ಬಡಿಸಿದೆ. ಅವರ ಕಡೆ ಆಟಿ ಅಮಾವಾಸ್ಯೆಗೆ ಹಾಲೆ ಮರದ ಕೆತ್ತೆಯ ಕಹಿ ಕಷಾಯ ಕುಡಿಯುತ್ತಾರಲ್ಲ, "ನಿಮಗೆ ಮದ್ದೂ ಸಿಹಿಯೇ ಆಗಬೇಕಾ?" ಎನ್ನುತ್ತಾ ಎರಡು ಬಟ್ಟಲು ಖಾಲಿ ಮಾಡಿದರು. ಮರುದಿನ ಬೆಳಿಗ್ಗೆ ಗಾಬರಿಯಲ್ಲಿ ಫೋನ್ ಬಂತು. ಪಾಯಸ ತಿಂದರೆ ಮೂತ್ರದ ಬಣ್ಣ ಬದಲಾಗುತ್ತದೆ ಎಂದು ಹೇಳಲು ನಾನು ಮರೆತೇಬಿಟ್ಟಿದ್ದೆ.

ಆರು ತಿಂಗಳು ಎಂದ ಕೆಲಸ 11 ತಿಂಗಳಾಯಿತು. ನೇಮ, ಕೋಲ, ಮದುವೆ ಎಂದು ಬೇಸಿಗೆಯಲ್ಲಿ ವಾರಗಟ್ಟಲೆ ನಾಪತ್ತೆ. ಮಳೆ ಹಿಡಿದ ಮೇಲೆ ಹೇಗೂ ಕೆಲಸವಿಲ್ಲ. ಲೆಕ್ಕವೋ, ದೇವರಿಗೇ ಪ್ರೀತಿ. ಸಿಮೆಂಟ್ ಚೀಲದ ಕಾಗದ ಹರಿದು ಪೆನ್ಸಿಲಿನಲ್ಲಿ ಬರೆಯುತ್ತಾರೆ, ಕೂಡಿಸುವುದೇ ಇಲ್ಲ. ನಾನು ಕೂಡಿಸಿದೆ. 1,150 ರೂಪಾಯಿ ವ್ಯತ್ಯಾಸ, ಅದೂ ಅವರಿಗೇ ನಷ್ಟ. ಕೊಟ್ಟೆ.

ಇವರಿಂದ ಕಟ್ಟಿಸುವುದಾದರೆ ಗೀಸರ್ ಎಲ್ಲಿ ಎಂದು ಗೋಡೆಯ ಮೇಲೆ ನೀವೇ ಗುರುತು ಹಾಕಿ. ಜಾಲಿ ಮುಚ್ಚಲು ಬಾಗಿಲು ಬೇಕು ಎಂದು ಮೊದಲೇ ಹೇಳಿ. ಹಂಚು, ಸರಳು, ಬರೆ, ಈ ಮೂರರ ಬಗ್ಗೆ ಬಾಯಿ ಹಾಕಬೇಡಿ.

ನಮ್ಮ ಗೀಸರ್ ಜಾಗ ಬದಲಿಸುವುದು ಇನ್ನೂ ಬಾಕಿ. "ಹುತ್ತರಿ ಕಳೆದು ಬರ್ತೇನೆ" ಎಂದು ಸಿಮೆಂಟ್ ಚೀಲದ ಕಾಗದದ ಮೇಲೆ ಬರೆದುಕೊಟ್ಟಿದ್ದಾರೆ. ಅಡುಗೆಮನೆಯ ಕಪಾಟಿಗೆ ಅಂಟಿಸಿದ್ದೇನೆ. ಯಾವ ವರ್ಷದ ಹುತ್ತರಿ ಅಂತ ಮಾತ್ರ ಬರೆದಿಲ್ಲ.