ನೆಟ್‌ಬಿಎಸ್‌ಡಿ 10 ವಿಮರ್ಶೆ: ಹಳೆಯ ಪ್ರೊಸೆಸರ್‌ಗೆ ಬುನಾದಿ ಗಟ್ಟಿ, ತೊಡಕೆಲ್ಲ ಪ್ಯಾಕೇಜ್‌ಗಳಲ್ಲಿ

ಹಳೆಯ 32-ಬಿಟ್ ಯಂತ್ರಕ್ಕೆ ಇವತ್ತಿಗೂ ಕೈಕೊಡದ ಆಪರೇಟಿಂಗ್ ಸಿಸ್ಟಂ ಬೇಕಿದ್ದರೆ, 2024ರ ಮಾರ್ಚ್‌ನಲ್ಲಿ ಬಂದ ನೆಟ್‌ಬಿಎಸ್‌ಡಿ 10 ಅನ್ನು ಮೊದಲು ನೋಡಬೇಕು. ಲಿನಕ್ಸ್ ವಿತರಣೆಯಾದ ಡೆಬಿಯನ್ 13ರಲ್ಲಿ ಐ386ಗೆ (ಇಂಟೆಲ್ ಮಾದರಿಯ 32-ಬಿಟ್ ಪ್ರೊಸೆಸರ್‌ಗಳಿಗೆ) ವ್ಯವಸ್ಥೆಯ ತಿರುಳಾದ ಕರ್ನಲ್ಲೂ ಇಲ್ಲ, ಇನ್‌ಸ್ಟಾಲರೂ ಇಲ್ಲ. ನೆಟ್‌ಬಿಎಸ್‌ಡಿಯಲ್ಲಿ ಐ386 ಇನ್ನೂ ಮೊದಲ ದರ್ಜೆಯ ಪೋರ್ಟ್, ಅಂದರೆ ಪೂರ್ಣ ಬೆಂಬಲವಿರುವ ರೂಪ. ಅದರ ಕಂಪೈಲರ್ (ಸೋರ್ಸನ್ನು ಯಂತ್ರದ ಕೋಡ್‌ಗೆ ತಿರುಗಿಸುವ ಪ್ರೋಗ್ರಾಂ) ತಾನಾಗಿಯೇ ಹಳೆಯ 486 ಪ್ರೊಸೆಸರ್‌ಗೆ ಹೊಂದುವ ಕೋಡ್ ಕೊಡುತ್ತದೆ. ಸಮಯದ ಎಣಿಕೆ 2012ರ 6.0 ಆವೃತ್ತಿಯಲ್ಲೇ 64 ಬಿಟ್‌ಗೆ ಏರಿರುವುದರಿಂದ ಮೂಲ ವ್ಯವಸ್ಥೆಗೆ 2038ರಲ್ಲಿ 32-ಬಿಟ್ ಸಮಯದ ಎಣಿಕೆ ತುಂಬಿ ಕೆಡುವ ಭಯವಿಲ್ಲ.

ಇದರ ನಿಜವಾದ ಶಕ್ತಿ ಇಡೀ ವ್ಯವಸ್ಥೆಯನ್ನು ಬೇರೆ ಯಂತ್ರದಲ್ಲೇ ಕಟ್ಟಿಕೊಡುವ ಬಿಲ್ಡ್.ಎಸ್‌ಎಚ್ ಎಂಬ ಒಂದೇ ಸ್ಕ್ರಿಪ್ಟ್. ಲಿನಕ್ಸ್ ಇರುವ ಯಾವುದೇ ವೇಗದ ಯಂತ್ರದಲ್ಲಿ ಸೋರ್ಸ್ ಇಳಿಸಿಕೊಂಡು ಮೊದಲು 'ಟೂಲ್ಸ್' (ಕಟ್ಟಲು ಬೇಕಾದ ಕಂಪೈಲರ್ ಮುಂತಾದ ಸಾಧನಗಳು), ಆಮೇಲೆ 'ರಿಲೀಸ್' (ಪೂರ್ತಿ ವ್ಯವಸ್ಥೆ) ಓಡಿಸಿದರೆ ಸಾಕು. 'ಎಂ' ಆಯ್ಕೆಗೆ ಗುರಿ ಯಂತ್ರದ ಹೆಸರು ಕೊಡಿ. ದೊಡ್ಡ 'ಯು' ಕೊಟ್ಟರೆ ರೂಟ್ ಅಧಿಕಾರ ಬೇಕಿಲ್ಲ. ಪ್ರತಿ ಆರ್ಕಿಟೆಕ್ಚರ್‌ಗೂ (ಪ್ರೊಸೆಸರ್ ಬಗೆಗೂ) ಕಂಪೈಲಾದ ಕಡತಗಳನ್ನಿಡುವ ಆಬ್ಜೆಕ್ಟ್ ಡೈರೆಕ್ಟರಿ ಬೇರೆಯೇ ಇರಲಿ. ಸೋರ್ಸ್‌ನಲ್ಲಿ ಕಂಪೈಲರ್ ಆವೃತ್ತಿ ಬದಲಾದ ಮೇಲೂ ಹಳೆಯ ಟೂಲ್ಸ್ ಇಟ್ಟುಕೊಂಡು ಚಿಕ್ಕ 'ಯು' (ಹಿಂದೆ ಕಟ್ಟಿದ್ದನ್ನು ಅಳಿಸದೆ ಮುಂದುವರಿಸುವ ಆಯ್ಕೆ) ಜೊತೆ ಮುಂದುವರಿಸಿದರೆ ತಲೆಬುಡವಿಲ್ಲದ ಲಿಂಕ್ ದೋಷಗಳು ಬರುತ್ತವೆ. ಆಗ ಟೂಲ್ಸ್, ಆಬ್ಜೆಕ್ಟ್ ಡೈರೆಕ್ಟರಿ ಎರಡನ್ನೂ ಅಳಿಸಿ ಮೊದಲಿನಿಂದ ಕಟ್ಟುವುದೇ ಕಡಿಮೆ ಸಮಯದ ದಾರಿ.

ತೊಡಕು ನೆಟ್‌ಬಿಎಸ್‌ಡಿಯ ಪ್ಯಾಕೇಜ್ ಸಂಗ್ರಹವಾದ ಪಿಕೆಜಿಸೋರ್ಸ್‌ನಲ್ಲಿದೆ, ಅದರಲ್ಲೂ ರಸ್ಟ್ ಭಾಷೆ ಬೇಡುವ ಪ್ಯಾಕೇಜ್‌ಗಳಲ್ಲಿ. ರಸ್ಟ್‌ನ ಐ686 ಗುರಿ ಎಂದರೆ ಪೆಂಟಿಯಂ 4 ಮಟ್ಟದ ಕೋಡ್, ಎಸ್‌ಎಸ್‌ಇ2 ಎಂಬ ಹೆಚ್ಚುವರಿ ಇನ್‌ಸ್ಟ್ರಕ್ಷನ್‌ಗಳ ಸಹಿತ. ಅದನ್ನು ಪೆಂಟಿಯಂ 3ರಲ್ಲಿ ಓಡಿಸಿದರೆ 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಎಂದು ಬೀಳುತ್ತದೆ. ಬಿದ್ದ ಪ್ರೋಗ್ರಾಂನ ಮೆಮೊರಿ ನಕಲಾದ ಕೋರ್ ಫೈಲನ್ನು ಜಿಡಿಬಿ ಡಿಬಗರ್‌ನಲ್ಲಿ ತೆರೆದು, ಬಿದ್ದ ವಿಳಾಸದ ಇನ್‌ಸ್ಟ್ರಕ್ಷನ್ ನೋಡಿ: ಎಸ್‌ಎಸ್‌ಇ ಬಳಸುವ ಎಕ್ಸ್‌ಎಂಎಂ ರಿಜಿಸ್ಟರ್ ಕಂಡರೆ ಮೊದಲ ಅನುಮಾನ ಎಸ್‌ಎಸ್‌ಇ2 ಮೇಲಿರಲಿ, 586ರಲ್ಲಿ (ಮೊದಲ ಪೆಂಟಿಯಂ ಮಟ್ಟ) ಅದಕ್ಕೆ ಗೊತ್ತಿಲ್ಲದ ಸಿಮೂವ್ ಇನ್‌ಸ್ಟ್ರಕ್ಷನ್ ಕಂಡರೆ ಯಾರೋ ಮೇಕ್‌ಫೈಲ್‌ನಲ್ಲಿ ಐ686 ಎಂದು ಬರೆದಿಟ್ಟಿದ್ದಾರೆ. ಎಸ್‌ವಿಜಿ ಚಿತ್ರಗಳನ್ನು ಮೂಡಿಸುವ ಲೈಬ್ರರಿ ಲಿಬ್‌ಆರ್‌ಎಸ್‌ವಿಜಿಯ, ರಸ್ಟ್ ಬೇಡದ ಹಳೆಯ ಸಿ ಭಾಷೆಯ ಆವೃತ್ತಿಯನ್ನು ಪಿಕೆಜಿಸೋರ್ಸ್ ಉಳಿಸಿಕೊಂಡಿರುವುದು ದೊಡ್ಡ ಉಪಕಾರ, ಚಿತ್ರ ತೋರಿಸುವ ಎಷ್ಟೋ ಪ್ರೋಗ್ರಾಂಗಳು ಅದರಿಂದಲೇ ಬದುಕಿವೆ. ಫೈರ್‌ಫಾಕ್ಸ್‌ಗೆ ಅಂಥ ಬದಲಿ ಇಲ್ಲ. 64 ಎಂಬಿ ಮೆಮೊರಿಯ ಯಂತ್ರದಲ್ಲಿ ಸಿ++ ಪ್ಯಾಕೇಜ್ ಕಟ್ಟಲು ಹೋಗಬೇಡಿ, ಮೆಮೊರಿ ಸಾಲದೆ ಡಿಸ್ಕ್ ಬಳಸುವ ಸ್ವಾಪ್‌ನಲ್ಲೇ ದಿನ ಕಳೆಯುತ್ತದೆ.

ಪರೀಕ್ಷೆಗೆ ಬೇರೆ ಪ್ರೊಸೆಸರನ್ನು ಅನುಕರಿಸುವ ಕ್ಯುಎಂಯು ಎಂಬ ಎಮ್ಯುಲೇಟರ್ ಒಳ್ಳೆಯದು. ಸಿಪಿಯು ಆಯ್ಕೆಗೆ 'ಪೆಂಟಿಯಂ' ಅಥವಾ '486' ಕೊಡಲು ಮರೆಯಬಾರದು, ಇಲ್ಲವಾದರೆ ಹೊಸ ಇನ್‌ಸ್ಟ್ರಕ್ಷನ್‌ಗಳೂ ಸದ್ದಿಲ್ಲದೆ ನಡೆದುಬಿಡುತ್ತವೆ. ಎಕ್ಸ್86ರಲ್ಲಿ (ಇಂಟೆಲ್ ಮಾದರಿಯಲ್ಲಿ) ಪಾಸಾದ ಕೋಡ್ ಸನ್ ಕಂಪನಿಯ ಸ್ಪಾರ್ಕ್ ಪ್ರೊಸೆಸರ್‌ನಲ್ಲಿ ಬಸ್ ಎರರ್ ಕೊಟ್ಟರೆ ಕಾರಣ ಸಾಮಾನ್ಯವಾಗಿ ಅಲೈನ್‌ಮೆಂಟ್: ನಾಲ್ಕರಿಂದ ಭಾಗವಾಗದ ವಿಳಾಸದಿಂದ 32-ಬಿಟ್ ಸಂಖ್ಯೆಯನ್ನು ಓದಲು ಆ ಪ್ರೊಸೆಸರ್ ಒಪ್ಪುವುದಿಲ್ಲ. ವಿಳಾಸದ ಬಗೆಯನ್ನು ಬಲವಂತವಾಗಿ ಬದಲಿಸುವ ಪಾಯಿಂಟರ್ ಕಾಸ್ಟ್ ತೆಗೆದು, ಬೈಟ್‌ಗಳನ್ನು ನಕಲಿಸುವ ಮೆಮ್‌ಕಾಪಿ ಬಳಸಿದರೆ ಸರಿಹೋಗುತ್ತದೆ. ಡಿಇಸಿ ಕಂಪನಿಯ ಹಳೆಯ ವ್ಯಾಕ್ಸ್ ಯಂತ್ರ ಇನ್ನೂ ಕಠಿಣ. ಅದರ ಫ್ಲೋಟಿಂಗ್ ಪಾಯಿಂಟ್‌ನಲ್ಲಿ (ದಶಮಾಂಶ ಸಂಖ್ಯೆಗಳ ಲೆಕ್ಕದಲ್ಲಿ) ಇನ್ಫಿನಿಟಿಯೂ ಇಲ್ಲ, 'ಸಂಖ್ಯೆಯಲ್ಲ' ಎಂದು ಸೂಚಿಸುವ ನ್ಯಾನೂ ಇಲ್ಲ. ಅವು ಇವೆ ಎಂದುಕೊಂಡು ಬರೆದ ಪ್ರತಿ ಪ್ಯಾಕೇಜ್‌ಗೂ ಪ್ಯಾಚ್ ಬೇಕು. ಆ ಪ್ಯಾಚನ್ನು ಮೂಲ ಯೋಜನೆಗೇ ಕಳಿಸಿ, ಇಲ್ಲದಿದ್ದರೆ ಪ್ಯಾಕೇಜ್‌ನ ಮುಂದಿನ ಆವೃತ್ತಿ ಬಂದಾಗ ಅದೇ ಕೆಲಸ ಮತ್ತೆ.