ಒಂದು ಲಕ್ಷ ಲುಮೆನ್ ಟಾರ್ಚ್ ಬಿಚ್ಚಿದಾಗ ಒಳಗೆ ಇದ್ದದ್ದು

ಡಬ್ಬದ ಮೇಲೆ ‘1,00,000 ಲುಮೆನ್’, ‘ಎಕ್ಸ್‌ಎಚ್‌ಪಿ360’, ‘9900 ಎಂಎಎಚ್’ ಎಂದು ಅಚ್ಚು ಹಾಕಿ ಒಂಬೈನೂರು, ಸಾವಿರ ರೂಪಾಯಿಗೆ ಮಾರುವ ಜೂಮ್ ಟಾರ್ಚನ್ನು ಕೊಳ್ಳಬೇಡಿ. ಲುಮೆನ್ ಎಂದರೆ ಹೊರಬರುವ ಒಟ್ಟು ಬೆಳಕಿನ ಅಳತೆ, ಎಂಎಎಚ್ ಎಂದರೆ ಸೆಲ್ ಹಿಡಿದಿಡುವ ಚಾರ್ಜಿನ ಅಳತೆ, ಎಕ್ಸ್‌ಎಚ್‌ಪಿ360 ಎಂದು ಬರೆದದ್ದು ಎಲ್‌ಇಡಿಯ ಹೆಸರೆಂದು. ಕೊಂಡಾಗಿದ್ದರೆ ರಾತ್ರಿ ಚಾರ್ಜಿಗೆ ಹಾಕಿ ಮಲಗಬೇಡಿ. ಹಾಗೆ ಹಾಕಿಟ್ಟ ಒಂದು ಟಾರ್ಚ್ ಬೆಳಿಗ್ಗೆ ಕೈಗೆ ಸುಡುವಷ್ಟು ಬಿಸಿಯಾಗಿತ್ತು. ಸೆಲ್ ಹೊರತೆಗೆದರೆ ಮೇಲಿನ ಪ್ಲಾಸ್ಟಿಕ್ ಹೊದಿಕೆ ಒಂದು ತುದಿಯಲ್ಲಿ ಮುದುಡಿಕೊಂಡಿತ್ತು, ಮೀಟರ್ ಹಿಡಿದರೆ 4.36 ವೋಲ್ಟ್. ಸಾಮಾನ್ಯ ಲಿಥಿಯಂ ಅಯಾನ್ ಸೆಲ್ಲಿನ ಚಾರ್ಜಿಂಗ್ 4.20 ವೋಲ್ಟಿಗೆ ನಿಲ್ಲಬೇಕು. ಬೆಂಕಿ ಹತ್ತದೆ ಉಳಿದದ್ದು ಆ ಸೆಲ್ಲಿನ ಕೆಪಾಸಿಟಿಯೇ ಕಡಿಮೆ ಇದ್ದದ್ದರಿಂದ ಇರಬಹುದು.

ಸೆಲ್ಲಿನಿಂದಲೇ ಶುರು ಮಾಡೋಣ. 18650 ಎಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಸೆಲ್. ಒಳ್ಳೆಯ ಸೆಲ್ 45ರಿಂದ 50 ಗ್ರಾಂ ತೂಗುತ್ತದೆ. ಇದು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ 29 ಗ್ರಾಂ ತೂಗಿತು. ಕೆಪಾಸಿಟಿ ಅಳೆಯುವ ಚಾರ್ಜರಿಗೆ ಹಾಕಿ ಪೂರ್ತಿ ತುಂಬಿಸಿ ಖಾಲಿ ಮಾಡಿದಾಗ ಸಿಕ್ಕಿದ್ದು 870 ಎಂಎಎಚ್, ಅಂದರೆ ಬರೆದದ್ದರ ಹತ್ತನೇ ಒಂದು ಪಾಲೂ ಇಲ್ಲ. ಈ ಅಳತೆಯ ಸೆಲ್ಲಿನಲ್ಲಿ ಹೆಸರಾಂತ ಕಂಪನಿಗಳು ಇವತ್ತು ತುಂಬಿಸುವುದೇ 3500 ಎಂಎಎಚ್ ಆಸುಪಾಸು. 9900 ಎಂದು ಬರೆದ 18650 ಯಾವ ಅಂಗಡಿಯಲ್ಲಿ ಕಂಡರೂ ನಕಲಿಯೇ, ಪರೀಕ್ಷೆ ಮಾಡುವ ಅಗತ್ಯವೂ ಇಲ್ಲ.

ಚಾರ್ಜಿಂಗ್ ಭಾಗ ಇನ್ನೂ ಕೆಟ್ಟದ್ದು. ಟೈಪ್-ಸಿ ಸಾಕೆಟ್ ಇದೆ ಎಂದು ಜನ ಖುಷಿಪಡುತ್ತಾರೆ. ಅದರ ಹಿಂದೆ ಇದ್ದದ್ದು ಒಂದು ಡಯೋಡ್, ಒಂದು ರೆಸಿಸ್ಟರ್, ಒಂದು ಕೆಂಪು ದೀಪ. ಮೊಬೈಲ್ ಚಾರ್ಜರಿನ 5 ವೋಲ್ಟಿನಲ್ಲಿ ಡಯೋಡ್ 0.6, 0.7 ತಿಂದುಕೊಂಡರೆ ಉಳಿದದ್ದೆಲ್ಲ ಸೆಲ್ಲಿನ ಮೇಲೆ. 4.20ಕ್ಕೆ ಚಾರ್ಜ್ ಕಡಿಯುವ ಐಸಿ (ಚಿಪ್) ಇಲ್ಲವೇ ಇಲ್ಲ. ಟಿಪಿ4056 ಎಂಬ ಚಿಲ್ಲರೆ ಬೆಲೆಯ ಐಸಿ ಒಂದನ್ನು ಹಾಕಿದ್ದರೆ ಈ ಅಪಾಯ ಇರುತ್ತಿರಲಿಲ್ಲ, ಅದನ್ನೂ ಉಳಿಸಿದ್ದಾರೆ. ಟೈಪ್-ಸಿ ನಿಯಮದಂತೆ ಇರಬೇಕಾದ 5.1 ಕಿಲೋಓಮಿನ ಎರಡು ರೆಸಿಸ್ಟರುಗಳೂ ಇರಲಿಲ್ಲ. ಹಾಗಾಗಿ ಎರಡೂ ತುದಿ ಟೈಪ್-ಸಿ ಇರುವ ಕೇಬಲ್ ಹಾಕಿದರೆ ಚಾರ್ಜೇ ಆಗುವುದಿಲ್ಲ, ಹಳೆಯ ಅಗಲ ಯುಎಸ್‌ಬಿ ತುದಿಯ ಕೇಬಲ್ಲೇ ಬೇಕು. ಮನೆಗೆ ಬಂದ ಯಾವುದೇ ಟಾರ್ಚಿನ ಒಳಗೆ ಎಷ್ಟು ಕಂಜೂಸ್ ಮಾಡಿದ್ದಾರೆ ಎಂದು ಬಿಚ್ಚದೆ ತಿಳಿಯಬೇಕಾದರೆ ಮೊದಲು ಈ ಕೇಬಲ್ ಪರೀಕ್ಷೆ ಮಾಡಿ. ಇದರಲ್ಲಿ ಸೋತ ಮಾತ್ರಕ್ಕೆ ಟಾರ್ಚ್ ಅಪಾಯಕಾರಿ ಎಂದಲ್ಲ, ಆದರೆ ಒಂದೆರಡು ಪೈಸೆಯ ರೆಸಿಸ್ಟರ್ ಬಿಟ್ಟವರು ಇನ್ನೇನು ಬಿಟ್ಟಿರಬಹುದು ಎಂದು ಅನುಮಾನಿಸಬೇಕು.

ತಲೆಯ ಭಾಗ ಬಿಚ್ಚಿದರೆ ಎಲ್‌ಇಡಿ ಕೂತಿರುವ ತಟ್ಟೆ ಟೊಳ್ಳು ಉಂಗುರದ ಮೇಲೆ ಸುಮ್ಮನೆ ಕೂತಿತ್ತು. ನಡುವೆ ಬಿಸಿ ದಾಟಿಸುವ ಥರ್ಮಲ್ ಪೇಸ್ಟ್ ಇಲ್ಲ, ಬರೀ ಗಾಳಿ. ಬಿಸಿ ಅಲ್ಯೂಮಿನಿಯಂ ಮೈಗೆ ಹರಿಯದೆ ಎಲ್‌ಇಡಿಯಲ್ಲೇ ಕೂತು ಕೆಲವೇ ತಿಂಗಳಲ್ಲಿ ಬೆಳಕು ನೀಲಿಗೆ ತಿರುಗುವುದು, ಮಂಕಾಗುವುದು ಇದರಿಂದಲೇ. ಸೆಲ್ ತುಂಬಿದ್ದಾಗ ಹೈ ಮೋಡಿನಲ್ಲಿ ಎಳೆಯುತ್ತಿದ್ದ ಕರೆಂಟ್ 1.6 ಆಂಪಿಯರ್. ಅಂದರೆ ಆರು ವ್ಯಾಟ್. ವ್ಯಾಟಿಗೆ 90 ಲುಮೆನ್ ಎಂದು ಧಾರಾಳವಾಗಿ ಹಿಡಿದರೂ ಎಲ್‌ಇಡಿಯಿಂದ ಹೊರಡುವುದು 550ರ ಹತ್ತಿರ. ಜೂಮ್ ಲೆನ್ಸ್ ಮುಂದಕ್ಕೆ ಎಳೆದಾಗ ಅದರಲ್ಲಿ ಅರ್ಧ ಕೊಳವೆಯ ಒಳಗೋಡೆಗೆ ಬಡಿದು ಹಾಳು. ಕೊನೆಗೆ ಹೊರಗೆ ಬರುವುದು ಮುನ್ನೂರಕ್ಕೂ ಕಡಿಮೆ, ಅದೂ ಅರ್ಧ ಗಂಟೆ. ಸೆಲ್ ಖಾಲಿಯಾಗುತ್ತಾ ಬಂದಾಗ ಆಫ್ ಮಾಡುವ ವ್ಯವಸ್ಥೆ ಇಲ್ಲದ್ದರಿಂದ 2.5 ವೋಲ್ಟಿಗಿಂತ ಕೆಳಗೂ ಹೀರುತ್ತದೆ. ಹಾಗೆ ಬತ್ತಿದ ಸೆಲ್ಲನ್ನು ಮತ್ತೆ ಚಾರ್ಜ್ ಮಾಡುವುದೂ ಅಪಾಯ.

ಒಂದು ಲಕ್ಷ ಲುಮೆನ್ ನಿಜವಾಗಿದ್ದರೆ ಏನಾಗಬೇಕಿತ್ತು? ವ್ಯಾಟಿಗೆ 150 ಲುಮೆನ್ ಕೊಡುವ ಅತ್ಯುತ್ತಮ ಎಲ್‌ಇಡಿ ಇದ್ದರೂ 667 ವ್ಯಾಟ್ ಬೇಕು, ಹೆಚ್ಚುಕಡಿಮೆ ಒಂದು ಇಸ್ತ್ರಿ ಪೆಟ್ಟಿಗೆ ಎಳೆಯುವಷ್ಟು. 3.6 ವೋಲ್ಟಿನ ಸೆಲ್ಲಿನಿಂದ ಅಷ್ಟು ತೆಗೆಯಲು 185 ಆಂಪಿಯರ್ ಹರಿಯಬೇಕು. ಹೆಚ್ಚು ಕರೆಂಟಿಗೆಂದೇ ಮಾಡಿದ ಒಳ್ಳೆಯ 18650 ಸೆಲ್ ಕೊಡುವುದೇ 15, 20, ಅಪರೂಪಕ್ಕೆ 30 ಆಂಪಿಯರ್. 3500 ಎಂಎಎಚ್ ಸೆಲ್ಲಿನ ಒಟ್ಟು ಶಕ್ತಿ 12.6 ವ್ಯಾಟ್-ಅವರ್, ಅದು 667 ವ್ಯಾಟಿನಲ್ಲಿ 68 ಸೆಕೆಂಡಿಗೆ ಮುಗಿಯುತ್ತದೆ. ಈ ಗುಣಾಕಾರ ಮಾಡಲು ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಜಾಹೀರಾತು ಬರೆಯುವವರು ಮಾತ್ರ ಅದನ್ನು ಮಾಡುವುದಿಲ್ಲ.

ಇಂಥ ಸುಳ್ಳು ಅಂಕಿಗಳು ಈಗ ಯಾಕೆ ಇಷ್ಟು ಹೆಚ್ಚಾಗಿವೆ ಎಂದರೆ, ನಿಜವಾದ ಅಂಕಿಗಳು ಬೆಳೆಯುವುದು ಬಹುಮಟ್ಟಿಗೆ ನಿಂತಿದೆ. ‘ಟಾರ್ಚಿನಲ್ಲಿ ಹೊಸದೇನೂ ಬರುತ್ತಿಲ್ಲ’ ಎಂದು ಹವ್ಯಾಸಿಗಳು ಗೊಣಗುವುದರಲ್ಲಿ ಅರ್ಧ ಸತ್ಯ ಇದೆ. 2010ರ ಕೊನೆಯಲ್ಲಿ ಕ್ರೀ ಕಂಪನಿಯ ಎಕ್ಸ್‌ಎಂ-ಎಲ್ ಎಲ್‌ಇಡಿ ಬಂದಾಗ ಅದು 3 ಆಂಪಿಯರಿನಲ್ಲಿ, ಸುಮಾರು 10 ವ್ಯಾಟಿಗೆ, 1000 ಲುಮೆನ್ ಕೊಡುತ್ತಿತ್ತು. ಇವತ್ತಿನ ಒಳ್ಳೆಯ ಎಲ್‌ಇಡಿ ಅದೇ 10 ವ್ಯಾಟಿಗೆ ಕೊಡುವುದು ಸುಮಾರು ಒಂದೂವರೆ ಪಟ್ಟು. ಅದೇ ಕಂಪನಿ 2014ರಲ್ಲಿ ಪ್ರಯೋಗಾಲಯದಲ್ಲಿ ವ್ಯಾಟಿಗೆ 303 ಲುಮೆನ್ ಮುಟ್ಟಿದ್ದಾಗಿ ಪ್ರಕಟಿಸಿತು, ಆದರೆ ಅದು 350 ಮಿಲಿಆಂಪಿಯರಿನಲ್ಲಿ. ಟಾರ್ಚಿನಲ್ಲಿ ಕರೆಂಟ್ ಏರಿಸಿದಂತೆ ಆ ದಕ್ಷತೆ ಇಳಿಯುತ್ತಾ ಹೋಗುತ್ತದೆ. ಸೆಲ್ಲಿನ ಕಥೆಯೂ ಇದೇ. 2012ರ ಹೊತ್ತಿಗೇ 18650ರಲ್ಲಿ 3400 ಎಂಎಎಚ್ ಸಿಗುತ್ತಿತ್ತು, ಈಗ 3500 ಆಸುಪಾಸು. ದೊಡ್ಡದಾದ 21700 ಅಳತೆ ಬಂದು 5000 ಆಯಿತು ಎನ್ನುವುದೇ ದೊಡ್ಡ ಹೆಜ್ಜೆ, ಆದರೆ ಅದಕ್ಕೆ ಮುಖ್ಯ ಕಾರಣ ಸೆಲ್ಲೇ ದಪ್ಪಗಾದದ್ದು. ಮೇಲಾಗಿ ನಮ್ಮ ಕಣ್ಣು ಬೆಳಕನ್ನು ಸಮಪ್ರಮಾಣದಲ್ಲಿ ಗ್ರಹಿಸುವುದಿಲ್ಲ. ಎರಡರಷ್ಟು ಹೊಳಪು ಎಂದು ಅನಿಸಬೇಕಾದರೆ ಸುಮಾರು ನಾಲ್ಕರಷ್ಟು ಲುಮೆನ್ ಬೇಕು. ಹೋದ ವರ್ಷದ ಮಾಡೆಲ್ಲಿಗಿಂತ ಶೇ 15 ಹೆಚ್ಚು ಎಂದರೆ ಕಣ್ಣಿಗೆ ಗೊತ್ತೂ ಆಗುವುದಿಲ್ಲ.

ಹಾಗಾಗಿ ಒಳ್ಳೆಯ ಕಂಪನಿಗಳೂ ಅಂಕಿಯ ಆಟ ಆಡುತ್ತವೆ. ಅದು ಸುಳ್ಳಲ್ಲ, ಜಾಣತನ, ಅಷ್ಟೇ. ಎಫ್‌ಎಲ್1 ಎಂಬ ಅಮೆರಿಕದ ಮಾನದಂಡ 2009ರಿಂದ ಇದೆ. ಅದರ ಪ್ರಕಾರ ಬೆಳಕಿನ ಪ್ರಮಾಣ ಅಳೆಯುವುದನ್ನು ಆನ್ ಮಾಡಿದ 30 ಸೆಕೆಂಡಿನಿಂದ ಶುರು ಮಾಡುತ್ತಾರೆ. ಎಷ್ಟು ಹೊತ್ತು ಉರಿಯುತ್ತದೆ ಎನ್ನುವ ಲೆಕ್ಕ ಬೆಳಕು ಮೊದಲಿನ ಶೇ 10ಕ್ಕೆ ಇಳಿಯುವವರೆಗೆ. ಈಗ ನೋಡಿ: ಅತಿ ಹೆಚ್ಚು ಬೆಳಕಿನ ಟರ್ಬೊ ಮೋಡಿನಲ್ಲಿ 3000 ಲುಮೆನ್ ಒಂದೂವರೆ ನಿಮಿಷ ಉರಿದು, ಬಿಸಿಯಾಗಿ 700ಕ್ಕೆ ಇಳಿದು, ಎರಡು ಗಂಟೆ ಹಾಗೇ ಉರಿದರೆ ಡಬ್ಬದ ಮೇಲೆ ‘3000 ಲುಮೆನ್, 2 ಗಂಟೆ’ ಎಂದು ಬರೆಯಬಹುದು, ಮಾನದಂಡ ಮುರಿದಂತಲ್ಲ. ಇಳಿಯಲೇಬೇಕು ಕೂಡ. 120 ಗ್ರಾಂ ಅಲ್ಯೂಮಿನಿಯಂ ಮೈಯನ್ನು ಒಂದು ಡಿಗ್ರಿ ಏರಿಸಲು 108 ಜೂಲ್ ಸಾಕು. ಟರ್ಬೊದಲ್ಲಿ 20 ವ್ಯಾಟ್ ಬಿಸಿ ಒಳಗೆ ಸೇರುತ್ತಿದ್ದರೆ ಇಡೀ ಟಾರ್ಚ್ 30 ಡಿಗ್ರಿಯಿಂದ 60ಕ್ಕೆ ಹೋಗಲು ಮೂರು ನಿಮಿಷವೂ ಬೇಡ, ತಲೆಭಾಗಕ್ಕೆ ಅದಕ್ಕಿಂತ ಬೇಗ. ನಿಂತ ಗಾಳಿಯಲ್ಲಿ ಅಂಗೈ ಉದ್ದದ ಟಾರ್ಚ್ ಹೊರಹಾಕಬಲ್ಲ ಬಿಸಿ ಐದಾರು ವ್ಯಾಟ್. ಅದಕ್ಕೆ ಒಗ್ಗುವ ಬೆಳಕು 700ರಿಂದ 1000 ಲುಮೆನ್. ಹೊಸ ಎಲ್‌ಇಡಿ ಎಷ್ಟೇ ಬರಲಿ, ಮೈ ದೊಡ್ಡದಾಗದೆ ಈ ಮಿತಿ ಹೆಚ್ಚು ಕದಲುವುದಿಲ್ಲ. ಕೊಳ್ಳುವಾಗ ಹುಡುಕಬೇಕಾದದ್ದು ರನ್‌ಟೈಮ್ ಗ್ರಾಫ್ (ಹೊತ್ತು ಕಳೆದಂತೆ ಬೆಳಕು ಎಷ್ಟಿರುತ್ತದೆ ಎನ್ನುವ ಗೆರೆಚಿತ್ರ), ಅದರಲ್ಲಿ ಇಳಿದ ಮೇಲಿನ ಸಮತಟ್ಟು ಗೆರೆ ಎಷ್ಟರಲ್ಲಿ ನಿಂತಿದೆ ಎನ್ನುವುದು. ಗ್ರಾಫ್ ಕೊಡದ ಕಂಪನಿಯದ್ದು ಬೇಡ.

ಬೆಳಕು ಎಷ್ಟು ದೂರ ಮುಟ್ಟುತ್ತದೆ ಎನ್ನುವ ಅಂಕಿಯೂ ಹೀಗೆಯೇ. ಒಂದು ದಿಕ್ಕಿಗೆ ಹೋಗುವ ಬೆಳಕಿನ ತೀವ್ರತೆಯ ಅಳತೆ ಕ್ಯಾಂಡೆಲಾ. ಕ್ಯಾಂಡೆಲಾದ ವರ್ಗಮೂಲವನ್ನು ಎರಡರಿಂದ ಗುಣಿಸಿದರೆ ಮೀಟರಿನಲ್ಲಿ ದೂರ ಸಿಗುತ್ತದೆ: 10,000 ಕ್ಯಾಂಡೆಲಾಗೆ 200 ಮೀಟರ್. ಆದರೆ ಆ 200 ಮೀಟರಿನಲ್ಲಿ ಬೀಳುವುದು 0.25 ಲಕ್ಸ್, ಅಂದರೆ ಹುಣ್ಣಿಮೆ ಬೆಳಕಿನಷ್ಟು. ಹಂದಿಯೋ ದನವೋ ಗುರುತು ಹಿಡಿಯಬೇಕಾದರೆ ಅರ್ಧ ದೂರ ಎಂದುಕೊಳ್ಳಿ.

ಹೊಸತು ಬಂದಿರುವುದು ಬೇರೆ ಕಡೆ. ಬಣ್ಣ ಸರಿಯಾಗಿ ತೋರಿಸುವ ನಿಚಿಯಾ 519ಎ ತರಹದ ಎಲ್‌ಇಡಿಗಳು (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎನ್ನುವ ಅಳತೆಯಾದ ಸಿಆರ್‌ಐ ನೂರಕ್ಕೆ 90ಕ್ಕಿಂತ ಮೇಲೆ), ಸೆಲ್ ಇಳಿದರೂ ಬೆಳಕನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಬಕ್ ಮತ್ತು ಬೂಸ್ಟ್ ಡ್ರೈವರುಗಳು (ಎಲ್‌ಇಡಿಗೆ ಹೋಗುವ ಕರೆಂಟನ್ನು ನಿಯಂತ್ರಿಸುವ ಸರ್ಕ್ಯೂಟುಗಳು), ಬಿಸಿ ನೋಡಿ ಬೆಳಕು ಹೊಂದಿಸುವ ಆಂಡುರಿಲ್ ಎಂಬ ಮುಕ್ತ ತಂತ್ರಾಂಶ, ಲೇಸರಿನಿಂದ ಫಾಸ್ಫರನ್ನು (ಬೆಳಕು ಬಿದ್ದರೆ ತಾನೂ ಹೊಳೆಯುವ ವಸ್ತು) ಬೆಳಗಿಸಿ ಒಂದೆಳೆಯಂಥ ಕಿರಣ ಬಿಡುವ ಎಲ್‌ಇಪಿ. ರಾತ್ರಿ ತ್ರೀ ಫೇಸ್ ಬಂದಾಗ ಮೋಟರ್ ಹಾಕಲು ತೋಟಕ್ಕೆ ಹೋಗುವವರಿಗೆ ಇವುಗಳಲ್ಲಿ ಮೊದಲ ಎರಡು ಸಾಕು. ತರಗೆಲೆಯ ಮೇಲೆ ಮಲಗಿದ ಕಂದು ಹಾವನ್ನು ಬೇರ್ಪಡಿಸಿ ನೋಡಲು 6500 ಕೆಲ್ವಿನ್ನಿನ ನೀಲಿಛಾಯೆಯ ಸಾವಿರ ಲುಮೆನ್ನಿಗಿಂತ 4500 ಕೆಲ್ವಿನ್ನಿನ, ಒಳ್ಳೆಯ ಸಿಆರ್‌ಐ ಇರುವ ಮುನ್ನೂರು ಲುಮೆನ್ ಮೇಲು. ಲೆಕ್ಕ ಕೂಡ ಹಗುರ: 5000 ಎಂಎಎಚ್ ಸೆಲ್ ಎಂದರೆ 18 ವ್ಯಾಟ್-ಅವರ್, ಡ್ರೈವರಿನ ನಷ್ಟ ಕಳೆದು ವ್ಯಾಟಿಗೆ 110 ಲುಮೆನ್ ಹಿಡಿದರೆ ಮುನ್ನೂರು ಲುಮೆನ್ ಆರೂವರೆ ಗಂಟೆ. ಎಲ್‌ಇಪಿ ಆಟಕ್ಕೆ ಚೆಂದ, ಕಾಲ ಬುಡ ಕಾಣುವುದಿಲ್ಲ.

ಈ ಒಳ್ಳೆಯವುಗಳ ನಡುವೆಯೂ ಎರಡು ಬಲೆಗಳಿವೆ. ಒಂದು, ಸೆಲ್ಲನ್ನು ಒಳಗೇ ಅಂಟಿಸಿಬಿಟ್ಟ ಟಾರ್ಚ್. ಮೂರ್ನಾಲ್ಕು ವರ್ಷಕ್ಕೆ ಸೆಲ್ ಸೊರಗಿದರೆ ಇಡೀ ಟಾರ್ಚ್ ಕಸಕ್ಕೆ. ಇನ್ನೊಂದು, ಧನ ಋಣ ಎರಡೂ ಒಂದೇ ತುದಿಯಲ್ಲಿರುವ, ಆ ಕಂಪನಿಯದ್ದೇ ಆಗಬೇಕಾದ ಸೆಲ್. ಮಾಡೆಲ್ ನಿಂತರೆ ಸೆಲ್ಲೂ ನಿಂತಿತು. ಸಾಮಾನ್ಯ 18650 ಅಥವಾ 21700 ಹಾಕಬಹುದೇ ಎಂದು ಕೇಳಿಯೇ ಕೊಳ್ಳಿ. ಸೆಲ್ಲುಗಳನ್ನು ಸರಣಿಯಲ್ಲಿ ಜೋಡಿಸುವ ಟಾರ್ಚಾದರೆ ಹಳತು ಹೊಸತು ಬೆರೆಸಬೇಡಿ. ದುರ್ಬಲವಾದದ್ದು ಮೊದಲು ಖಾಲಿಯಾಗಿ, ಮಿಕ್ಕವು ಅದಕ್ಕೆ ತಿರುಗುಮುರುಗಾಗಿ ಕರೆಂಟ್ ತಳ್ಳುತ್ತವೆ. ನೀರು ಹೋಗದಂತೆ ಬಿಗಿಮಾಡಿದ ಲೋಹದ ಕೊಳವೆಯಲ್ಲಿ ಸೆಲ್ ಅನಿಲ ಕಾರಿದರೆ ಅದು ಬಾಂಬೇ.

ಊರ ಅಂಗಡಿಗಳಲ್ಲಿ ಸಿಗುವ, ಹಿಂದಿನ ಎರಡು ಪಿನ್ ಹೊರಗೆಳೆದು ಗೋಡೆಯ ಸಾಕೆಟ್ಟಿಗೆ ನೇರ ಚುಚ್ಚುವ ಟಾರ್ಚಿನ ಬಗ್ಗೆಯೂ ಹೇಳಬೇಕು. ಅಗ್ಗದವುಗಳ ಒಳಗೆ 4 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ. ಟ್ರಾನ್ಸ್‌ಫಾರ್ಮರ್ ಇಲ್ಲ, ಒಂದು ಕೆಪಾಸಿಟರ್ ಮೂಲಕ 230 ವೋಲ್ಟ್ ನೇರ ಬರುತ್ತದೆ. ಚಾರ್ಜ್ ಆಗುತ್ತಿರುವಾಗ ಅದರ ಯಾವ ಲೋಹದ ಭಾಗ ಮುಟ್ಟಿದರೂ ಶಾಕ್ ಹೊಡೆಯಬಹುದು. ಕೆಪಾಸಿಟರಿಗೆ ಅಡ್ಡಲಾಗಿ ರೆಸಿಸ್ಟರ್ ಹಾಕದಿದ್ದರೆ ಕಿತ್ತ ಮೇಲೂ ಪಿನ್ ಮುಟ್ಟಿದರೆ ಚುರುಕ್ ಎನ್ನುತ್ತದೆ. ಬ್ಯಾಟರಿ ಸತ್ತಾಗ ರಿಪೇರಿಯವರು ಅದೇ ಜಾಗಕ್ಕೆ 18650 ಬೆಸುಗೆ ಹಾಕಿಕೊಡುತ್ತಾರೆ, ‘ಜಾಸ್ತಿ ಬಾಳಿಕೆ ಬರುತ್ತೆ ಸಾರ್’ ಎನ್ನುತ್ತಾರೆ. ಎಂದೂ ಒಪ್ಪಬೇಡಿ. 1 ಮೈಕ್ರೋಫ್ಯಾರಡ್ ಕೆಪಾಸಿಟರ್ 50 ಹರ್ಟ್ಸಿನಲ್ಲಿ ಸುಮಾರು 70 ಮಿಲಿಆಂಪಿಯರ್ ಬಿಡುತ್ತಲೇ ಇರುತ್ತದೆ. ಸೆಲ್ 4.2 ದಾಟಲಿ, 4.5 ದಾಟಲಿ, ಅದು ನಿಲ್ಲಿಸುವುದಿಲ್ಲ. ಲೆಡ್ ಆಸಿಡ್ ಇದನ್ನು ಅಷ್ಟಿಷ್ಟು ತಡೆದುಕೊಳ್ಳುತ್ತದೆ, ಲಿಥಿಯಂ ತಡೆದುಕೊಳ್ಳುವುದಿಲ್ಲ.

ಪಾರ್ಸೆಲ್ ಬಂದ ದಿನವೇ ಮಾಡಬೇಕಾದ ಕೆಲಸ ಹದಿನೈದು ನಿಮಿಷದ್ದು. ಡಬ್ಬ ತೆರೆಯುವುದನ್ನು ವಿಡಿಯೋ ಮಾಡಿ. ಸೆಲ್ ತೂಗಿ: 18650 ಆದರೆ 42 ಗ್ರಾಮಿಗಿಂತ ಕಡಿಮೆ, 21700 ಆದರೆ 63ಕ್ಕಿಂತ ಕಡಿಮೆ ಇದ್ದರೆ ವಾಪಸ್ ಕಳಿಸಿ. ಸೆಲ್ಲಿನ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಐಎಸ್ 16046 ಎಂಬ ಮಾನದಂಡದ ಸಂಖ್ಯೆ, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇವೆಯೇ ನೋಡಿ, ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಯಾರ ಹೆಸರಿನಲ್ಲಿದೆ ಎಂದು ತೋರಿಸುತ್ತದೆ. ಮೊದಲ ಸಲ ಚಾರ್ಜ್ ಮಾಡುವಾಗ ಹಗಲು, ಟೈಲ್ಸ್ ಮೇಲೆ, ಎದುರಿಗೇ ಇಟ್ಟುಕೊಂಡು ಮಾಡಿ. ಹಸಿರು ದೀಪ ಬಂದ ಮೇಲೆ ಇನ್ನೊಂದು ಗಂಟೆ ಬಿಟ್ಟು ಸೆಲ್ ತೆಗೆದು ಮೀಟರ್ ಹಿಡಿಯಿರಿ. 4.15ರಿಂದ 4.22 ಇದ್ದರೆ ಸರಿ. 4.25 ದಾಟಿದ್ದರೆ ಆ ಟಾರ್ಚಿನ ಸಾಕೆಟ್ಟನ್ನು ಮತ್ತೆ ಬಳಸಬೇಡಿ. ಕರೆಂಟ್ ನೋಡಬೇಕಾದರೆ ಹಿಂದಿನ ಮುಚ್ಚಳ ಬಿಚ್ಚಿ, ಮೀಟರನ್ನು 10 ಆಂಪಿಯರ್ ತೂತಿಗೆ ಹಾಕಿ, ಒಂದು ಕಡ್ಡಿ ಸೆಲ್ಲಿನ ಋಣ ತುದಿಗೆ, ಇನ್ನೊಂದು ಕೊಳವೆಯ ಬಣ್ಣವಿಲ್ಲದ ಅಂಚಿಗೆ. ಸೈಡ್ ಸ್ವಿಚ್ ಇರುವವುಗಳಲ್ಲಿ ಹಾಗೆ ಹಿಡಿದುಕೊಂಡೇ ಸ್ವಿಚ್ ಒತ್ತಬೇಕು. ಟರ್ಬೊ ಇರುವ ದೊಡ್ಡ ಟಾರ್ಚುಗಳಿಗೆ ಇದನ್ನು ಮಾಡಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. ಅದಕ್ಕೆ ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರೇ ಬೇಕು.

ಅತಿಯಾಗಿ ಚಾರ್ಜ್ ಆದ ಸೆಲ್ ಸಿಕ್ಕರೆ ಮತ್ತೆ ಬಳಸುವ ಆಸೆ ಬಿಡಿ. ಬಿಸಿ ಇದ್ದರೆ ಮುಟ್ಟದೆ ಎಲ್ಲರನ್ನೂ ದೂರ ಕಳಿಸಿ ಆರಲು ಬಿಡಿ. ಆರಿದ ಮೇಲೆ ಎರಡೂ ತುದಿಗೆ ಇನ್ಸುಲೇಶನ್ ಟೇಪ್ ಸುತ್ತಿ, ಮನೆಯ ಹೊರಗೆ ಮಣ್ಣು ಅಥವಾ ಮರಳು ತುಂಬಿದ ತಗಡಿನ ಡಬ್ಬದಲ್ಲಿಟ್ಟು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ. ಒಣಕಸದ ಚೀಲಕ್ಕೆ ಹಾಕಿದರೆ ಕಸದ ಲಾರಿಯಲ್ಲಿ ಅದುಮಿ ಒಡೆದಾಗ ಬೆಂಕಿ ಹತ್ತುವುದು ಅಲ್ಲಿ.